ಗಂಡ ಹೊರಗೆ ಕೂತಿದ್ದಾನೆ

ಬಿಳುಪು ಹೋಗುತ್ತದೆ ಎಂದು ಹೆಂಗಸೊಬ್ಬಳು ಬಾಯಿಬಿಟ್ಟರೆ ಅವಳಿಗಾಗಿ ತೀರ್ಪುಗಳು ಸಿದ್ಧವಾಗಿಯೇ ಇರುತ್ತವೆ. ಮನೆಯಲ್ಲಿ ಅತ್ತೆಯೋ ನೆಗೆಣ್ಣಿಯೋ ಕೊಡುವ ತೀರ್ಪು ಒಂದು: ‘ಮೈಯಾಗ ಹೀಟ್ ಆಗೇತಿ, ಬಾಯಿ ಕಟ್ಟಂಗಿಲ್ಲ ನೀ.’ ಅವಳು ಅತ್ತ ಸರಿದ ಮೇಲೆ ಅದೇ ಬಾಯಿಗಳು ಸಣ್ಣ ದನಿಯಲ್ಲಿ ಅವಳ ನಡತೆಯ ಲೆಕ್ಕ ತೆಗೆಯುತ್ತವೆ. ಆರೋಗ್ಯ ಶಿಬಿರದ ವೇದಿಕೆ ಕೊಡುವ ತೀರ್ಪು ಇನ್ನೊಂದು: ಸ್ವಚ್ಛತೆ ಸಾಲದು, ತಿಳಿವಳಿಕೆ ಸಾಲದು. ಓದಿದವರು ಕೊಡುವ ತೀರ್ಪು ಮತ್ತೊಂದು. ಪ್ರಶ್ನಾವಳಿಗಳಲ್ಲಿ, ಪ್ರಬಂಧಗಳ ತಲೆಬರಹಗಳಲ್ಲಿ ಅದು ಗಂಭೀರವಾಗಿ ಕೂತಿರುತ್ತದೆ: ಜನನಾಂಗ ಸೋಂಕುಳ್ಳ ಮಹಿಳೆಯರ ‘ಅಪಾಯಕಾರಿ ಲೈಂಗಿಕ ನಡವಳಿಕೆ’. ಅಡುಗೆಮನೆಯ ಪಿಸುಮಾತಿಗೂ ಈ ಶೀರ್ಷಿಕೆಗೂ ನಡುವೆ ಇರುವುದು ಶಾಲೆ ಕಲಿತ ಅಂತರ ಮಾತ್ರ. ಎರಡೂ ಕಡೆ ಆರೋಪಿ ಅವಳೇ.

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಸವಾಯಿ ಗಂಧರ್ವ ಕಲಾಮಂದಿರದ ಸುತ್ತಮುತ್ತ ಸಂಜೆ ಹೊತ್ತು ಅಡ್ಡಾಡಿದವರಿಗೆ ಈ ಆರೋಪದ ಇನ್ನೊಂದು ಮುಖ ಕಾಣುತ್ತದೆ. ದವಾಖಾನೆ, ಅದರ ಪಕ್ಕ ಲ್ಯಾಬು, ಅದರ ಪಕ್ಕ ಔಷಧಿ ಅಂಗಡಿ. ಕುಂದಗೋಳದಿಂದ, ಕಲಘಟಗಿಯಿಂದ, ನವಲಗುಂದದಿಂದ ಬಂದ ಹೆಣ್ಣುಮಕ್ಕಳು ಒಳಗೆ ಬೆಂಚಿನ ಮೇಲೆ ಚೀಟಿ ಹಿಡಿದು ಕೂತಿರುತ್ತಾರೆ. ಕರೆತಂದ ಗಂಡಂದಿರು ಹೊರಗೆ ಗಾಡಿಯ ಮೇಲೆ ಕೂತು ಮೊಬೈಲ್ ತಿಕ್ಕುತ್ತಿರುತ್ತಾರೆ. ರೊಕ್ಕ ಕೊಡುವಾಗ ಒಳಗೆ ಬರುತ್ತಾರೆ, ಗುಳಿಗೆ ಕೊಳ್ಳುವಾಗ ‘ಎಷ್ಟಾತು?’ ಎನ್ನುತ್ತಾರೆ. ಪರೀಕ್ಷೆಯ ಮೇಜು, ಪ್ರಶ್ನೆ, ಬೈಗುಳ, ಗುಳಿಗೆ ಎಲ್ಲವೂ ಹೆಂಡತಿಗೆ. ಇಬ್ಬರ ನಡುವೆ ಓಡಾಡುವ ಸೋಂಕನ್ನು ಒಬ್ಬಳಲ್ಲಿ ಮಾತ್ರ ಹುಡುಕುವ ಈ ಪದ್ಧತಿಯನ್ನು ವೈದ್ಯಕೀಯ ಎನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ನಡವಳಿಕೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೆಂಗಸರನ್ನೂ ಗಂಡಸರನ್ನೂ ಒಂದೇ ಪ್ರಶ್ನೆ ಕೇಳಿತು: ಕಳೆದ ಹನ್ನೆರಡು ತಿಂಗಳಲ್ಲಿ ಮದುವೆಯಾದವರೂ ಅಲ್ಲದ, ಜೊತೆಗೆ ಬಾಳುವವರೂ ಅಲ್ಲದ ವ್ಯಕ್ತಿಯೊಡನೆ ಸಂಬಂಧ ಇತ್ತೇ? ಇಡೀ ದೇಶದಲ್ಲಿ ಹೌದು ಎಂದ ಗಂಡಸರು ನೂರಕ್ಕೆ ಸುಮಾರು ನಾಲ್ವರು. ಹೌದು ಎಂದ ಹೆಂಗಸರು ನೂರಕ್ಕೆ ಅರ್ಧ, ಅಂದರೆ ಇನ್ನೂರಕ್ಕೆ ಒಬ್ಬಳು. ಹೆಂಗಸರು ಮುಚ್ಚಿಟ್ಟಿರಬಹುದು ಎನ್ನುವಿರಾ? ಇರಬಹುದು. ಗಂಡಸರೂ ಮುಚ್ಚಿಟ್ಟಿರಬಹುದು. ಎರಡು ಕಡೆಯ ಸುಳ್ಳನ್ನೂ ಸಮನಾಗಿ ಕಳೆದರೂ ಉಳಿಯುವ ಅಂತರ ಸಣ್ಣದಲ್ಲ. ಆದರೂ ‘ಅಪಾಯಕಾರಿ ನಡವಳಿಕೆ’ಯ ಪ್ರಶ್ನಾವಳಿ ಹಿಡಿದವರು ಹೋಗಿ ನಿಲ್ಲುವುದು ಹೆರಿಗೆ ವಿಭಾಗದ ಮುಂದಿನ ಸಾಲಿನಲ್ಲಿ. ಅಲ್ಲಿ ಸಿಗುವವಳು ಅವಳು, ಉತ್ತರ ಕೊಡುವವಳೂ ಅವಳು. ಸುಲಭಕ್ಕೆ ಸಿಕ್ಕವರನ್ನು ಅಳೆದು ಅವರನ್ನೇ ಅಪರಾಧಿಗಳೆಂದು ಬರೆಯುವುದು ಹೊಸದೇನಲ್ಲ, ಪೊಲೀಸರೂ ಹೀಗೇ ಮಾಡುತ್ತಾರೆ.

ಹುಬ್ಬಳ್ಳಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಸಿಗುವ ಪುಣೆಯಲ್ಲಿ ತೊಂಬತ್ತರ ದಶಕದಲ್ಲಿ ಒಂದು ಅಧ್ಯಯನ ನಡೆದಿತ್ತು. 1997ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಗುಪ್ತರೋಗದ ಚಿಕಿತ್ಸಾಲಯಗಳಿಗೆ ಬಂದಿದ್ದ ಹೆಂಗಸರಲ್ಲಿ 391 ಮಂದಿ ಲೈಂಗಿಕ ವೃತ್ತಿಯವರಲ್ಲ, ಹೆಚ್ಚಿನವರು ಮದುವೆಯಾದವರು, ಗಂಡನೊಬ್ಬನ ಹೊರತು ಬೇರೆಯವರನ್ನು ಅರಿಯದವರು. ಅವರಲ್ಲಿ ನೂರಕ್ಕೆ 13.6 ಮಂದಿಗೆ ಎಚ್‌ಐವಿ ತಗುಲಿತ್ತು. ಆ ಹೆಂಗಸರ ‘ಅಪಾಯಕಾರಿ ನಡವಳಿಕೆ’ ಯಾವುದು? ತಾಳಿ ಕಟ್ಟಿಸಿಕೊಂಡದ್ದು. ಮುಂದಿನ ವರ್ಷಗಳಲ್ಲಿ ಚೆನ್ನೈಯಿಂದ ಬಂದ ವರದಿಯೂ ಇದೇ ಕತೆ ಹೇಳಿತು: ಎಚ್‌ಐವಿ ಇದ್ದ ಹೆಂಗಸರಲ್ಲಿ ಬಹುಪಾಲು ಗೃಹಿಣಿಯರು, ಬಹುಪಾಲು ಒಬ್ಬನೇ ಸಂಗಾತಿ ಇದ್ದವರು. ಇಷ್ಟೆಲ್ಲ ಗೊತ್ತಾಗಿ ಕಾಲು ಶತಮಾನ ಕಳೆದಿದೆ. ಪ್ರಶ್ನಾವಳಿ ಮಾತ್ರ ಬದಲಾಗಿಲ್ಲ.

ಇಲ್ಲಿಗೆ ನಿಲ್ಲಿಸಿ ‘ಹಾಗಾದರೆ ತಪ್ಪೆಲ್ಲ ಗಂಡಂದಿರದು’ ಎಂದು ಘೋಷಿಸಿಬಿಟ್ಟರೆ ನಾನೂ ಅದೇ ಪಂಚಾಯ್ತಿಯ ಇನ್ನೊಂದು ಕಟ್ಟೆಯಲ್ಲಿ ಕೂತಂತೆ. ವಿಷಯ ಅಷ್ಟು ಸಸಾರವಿಲ್ಲ. ಪಕ್ಕದ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತವರ ಸಂಗಡಿಗರು ಈ ಶತಮಾನದ ಆರಂಭದಲ್ಲಿ ಸುಮಾರು ಎರಡೂವರೆ ಸಾವಿರ ಹೆಂಗಸರನ್ನು ಪ್ರಯೋಗಾಲಯದ ಪರೀಕ್ಷೆಗೆ ಒಳಪಡಿಸಿ ನೋಡಿದರು. ಜನನಾಂಗದ ಸೋಂಕು ಇದ್ದವರು ನೂರಕ್ಕೆ 28ರ ಆಸುಪಾಸು. ಆದರೆ ಅದರಲ್ಲಿ ದೊಡ್ಡ ಪಾಲು ದೇಹದೊಳಗೇ ಇರುವ ಸೂಕ್ಷ್ಮಜೀವಿಗಳ ಸಮತೋಲ ತಪ್ಪಿ ಆಗುವಂಥದ್ದು, ಬ್ಯಾಕ್ಟೀರಿಯಾದ ಏರುಪೇರು ಅಥವಾ ಬೂಷ್ಟು. ಸಂಭೋಗದಿಂದಲೇ ಹರಡುವ ರೋಗಗಳು ನೂರಕ್ಕೆ ನಾಲ್ಕರಷ್ಟು ಮಾತ್ರ. ಇನ್ನೂ ಮುಖ್ಯವಾದ ಸಂಗತಿ ಬೇರೆ ಇದೆ. ಬಿಳುಪು ಹೋಗುತ್ತದೆ ಎಂದು ದೂರಿದವರಲ್ಲಿ ಆ ದೂರಿಗೂ ಸೋಂಕಿಗೂ ಇದ್ದ ನಂಟಿಗಿಂತ ಮನಸ್ಸಿನ ಬೇಗೆಗೂ ಆ ದೂರಿಗೂ ಇದ್ದ ನಂಟು ಗಟ್ಟಿಯಾಗಿತ್ತು: ಖಿನ್ನತೆ, ಆತಂಕ, ಗಂಡನ ಹೊಡೆತ, ಒತ್ತಾಯದ ಸಂಭೋಗ.

ಅಂದರೆ ಸೊಂಟ ಹಿಡಿದಿದೆ, ನಿಶ್ಶಕ್ತಿ, ಬಿಳುಪು ಎಂದು ಬಂದವಳು ಎಷ್ಟೋ ಸಲ ಹೇಳಲು ಬಂದಿರುವುದು ಬೇರೆಯದನ್ನೇ. ‘ಗಂಡ ಹೊಡೀತಾನ’ ಎಂದರೆ ಕೇಳುವವರಿಲ್ಲ, ‘ಬಿಳುಪು ಹೊಕ್ಕೈತ್ರಿ’ ಎಂದರೆ ಕಡೇಪಕ್ಷ ಒಂದು ಚೀಟಿ ಸಿಗುತ್ತದೆ. ಅಂಥವಳಿಗೆ ನಡತೆಯ ಉಪದೇಶ ಕೊಟ್ಟರೆ ಅದು ಗಾಯದ ಮೇಲೆ ಬರೆ. ಅವಳ ಗಂಡನ ನಡತೆಯ ಮೇಲೆ ಅನುಮಾನ ಹುಟ್ಟಿಸಿದರೂ ಬಹುಪಾಲು ಸಂದರ್ಭಗಳಲ್ಲಿ ಅದು ಅಷ್ಟೇ ತಪ್ಪು. ಯಾರು ತಂದರು ಎಂಬ ಪ್ರಶ್ನೆಯೇ ಹೆಚ್ಚಿನ ಕಡೆ ಅಸಂಗತ. ಎಲ್ಲಿ ಅದು ಸಂಗತವೋ ಅಲ್ಲಿ ಉತ್ತರ ಕೊಡಬೇಕಾದವನು ಬೆಂಚಿನ ಮೇಲಿಲ್ಲ, ಗಾಡಿಯ ಮೇಲಿದ್ದಾನೆ. ನನ್ನ ಜಗಳ ಇಷ್ಟೇ.

ಅಸಂಗತ ಎಂದ ಕಡೆಯೂ ಇತ್ತೀಚೆಗೆ ಒಂದು ತಿರುವು ಸಿಕ್ಕಿದೆ. ಬ್ಯಾಕ್ಟೀರಿಯಾದ ಏರುಪೇರನ್ನು ಇಷ್ಟು ಕಾಲ ಹೆಂಗಸಿನ ಒಳಗಿನ ವ್ಯವಹಾರ ಎಂದೇ ಪಠ್ಯಪುಸ್ತಕಗಳು ಬರೆಯುತ್ತಿದ್ದವು. ಚಿಕಿತ್ಸೆ ಕೊಟ್ಟ ಮೇಲೂ ಕೆಲವೇ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಮರುಕಳಿಸುವುದು ಏಕೆಂದು ಹೆಚ್ಚಿನವರು ತಲೆ ಕೆಡಿಸಿಕೊಂಡಿರಲಿಲ್ಲ. ‘ಸ್ವಚ್ಛ ಇರಂಗಿಲ್ಲ ಇಕಿ’ ಎಂಬ ಉತ್ತರ ಕೈಯಲ್ಲೇ ಇತ್ತಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವೈದ್ಯರು ಒಂದು ಸರಳ ಪ್ರಯೋಗ ಮಾಡಿದರು. ಒಂದು ಗುಂಪಿನಲ್ಲಿ ಹೆಂಗಸಿಗೆ ಮಾತ್ರ ಚಿಕಿತ್ಸೆ, ಇನ್ನೊಂದರಲ್ಲಿ ಅವಳ ಸಂಗಾತಿಗೂ ಗುಳಿಗೆ ಮತ್ತು ಮುಲಾಮು. ಹನ್ನೆರಡು ವಾರದೊಳಗೆ ಮೊದಲ ಗುಂಪಿನಲ್ಲಿ ನೂರಕ್ಕೆ 63 ಮಂದಿಗೆ ತೊಂದರೆ ಮರಳಿತು, ಎರಡನೆಯದರಲ್ಲಿ 35 ಮಂದಿಗೆ. ಅಂತರ ಎಷ್ಟು ನಿಚ್ಚಳವಾಗಿತ್ತೆಂದರೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2025ರ ಮಾರ್ಚ್‌ನಲ್ಲಿ ಫಲಿತಾಂಶ ಅಚ್ಚಾಯಿತು. ಅಲ್ಲಿ ಗಂಡಸರ ಮೇಲೆ ಯಾರೂ ವ್ಯಭಿಚಾರದ ಆರೋಪ ಹೊರಿಸಲಿಲ್ಲ. ಒಳಗೆ ಕರೆದು ಗುಳಿಗೆ ಕೊಟ್ಟರು, ಅಷ್ಟೇ.

ಸ್ವಚ್ಛತೆಯ ಉಪದೇಶದ ಬಗ್ಗೆಯೂ ಒಂದು ಮಾತು. ಹುಬ್ಬಳ್ಳಿ-ಧಾರವಾಡದ ಕೆಲವೇ ವಾರ್ಡುಗಳಿಗೆ 2008ರಿಂದ ದಿನದ ಇಪ್ಪತ್ನಾಲ್ಕು ತಾಸು ನೀರು ಬಂತು. ದೇಶವಿದೇಶದವರು ಬಂದು ನೋಡಿ ಹೋದರು. ಉಳಿದ ಓಣಿಗಳಲ್ಲಿ ವಾರಗಟ್ಟಲೆ ನಲ್ಲಿಯ ದಾರಿ ಕಾದು, ಬಂದ ದಿನ ಬ್ಯಾರಲ್ಲು, ಕೊಡ, ಪಾತೇಲಿ ತುಂಬಿಟ್ಟುಕೊಂಡವರಿಗೆ ಮುಟ್ಟಿನ ಬಟ್ಟೆ ಹೇಗೆ ಒಗೆಯಬೇಕು, ಹೇಗೆ ಬಿಸಿಲಿಗೆ ಹಾಕಬೇಕು ಎಂದು ಪ್ರೊಜೆಕ್ಟರ್ ಹಚ್ಚಿ ತೋರಿಸುವವರ ಧೈರ್ಯವನ್ನು ಮೆಚ್ಚಬೇಕು. ಇನ್ನೊಂದು ಕಡೆ ಔಷಧಿ ಅಂಗಡಿಯ ಗಾಜಿನ ಹಿಂದೆ ‘ಇಂಟಿಮೇಟ್ ವಾಶ್’ ಬಾಟಲಿಗಳು. ಯೋನಿ ತನ್ನನ್ನು ತಾನೇ ಶುಚಿಯಾಗಿ ಇಟ್ಟುಕೊಳ್ಳುತ್ತದೆ, ಒಳಗೆ ತೊಳೆದಷ್ಟೂ ಕಾಯುವ ಒಳ್ಳೆಯ ಸೂಕ್ಷ್ಮಜೀವಿಗಳು ಕೊಚ್ಚಿಹೋಗಿ ಸೋಂಕಿಗೇ ದಾರಿಯಾಗುತ್ತದೆ ಎಂದು ಸ್ತ್ರೀರೋಗದ ಯಾವ ಪುಸ್ತಕ ತೆಗೆದರೂ ಇದೆ. ಹೆಂಗಸಿಗೆ ಮೊದಲು ನೀನು ಕೊಳೆ ಎಂದು ಹೇಳಬೇಕು, ಆಮೇಲೆ ಸಾಬೂನು ಮಾರಬೇಕು.

ಈಗ ಗರ್ಭನಿರೋಧದ ವಿಷಯಕ್ಕೆ ಬರೋಣ. ನನ್ನ ಸಿಟ್ಟಿನ ಹೆಚ್ಚಿನ ಪಾಲು ಇಲ್ಲಿಗೇ ಸಲ್ಲಬೇಕು.

‘ಸೋಂಕುಳ್ಳ ಹೆಂಗಸರು ಕಾಂಡೋಮ್ ಬಳಸುವುದಿಲ್ಲ’ ಎಂದು ಪ್ರಬಂಧಗಳು ಬರೆಯುತ್ತವೆ. ವಾಕ್ಯದ ಕರ್ತೃ ಯಾರು ನೋಡಿ. ಕಾಂಡೋಮ್ ಹಾಕಿಕೊಳ್ಳಬೇಕಾದ ಅಂಗ ಅವಳಲ್ಲಿಲ್ಲ. ಹಾಕಿಕೊಳ್ಳದವನು ವಾಕ್ಯದಲ್ಲೇ ಇಲ್ಲ. ಇನ್ನು ಅವಳು ಬಳಸುತ್ತಿರುವುದೇನು ಎಂದು ನೋಡಿದರೆ, ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57.4 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ದೇಶದ ಸರಾಸರಿ 37.9. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಅದೇ ಕೋಷ್ಟಕದಲ್ಲಿ ಕರ್ನಾಟಕದ ಗಂಡಸರ ಸಂತಾನಹರಣದ ಸಾಲಿನಲ್ಲಿ ಇರುವ ಅಂಕಿ 0.0. ದಶಮಾಂಶದ ಆಚೆಗೂ ಸೊನ್ನೆ. ಹದಿನೆಂಟಕ್ಕೋ ಇಪ್ಪತ್ತಕ್ಕೋ ಮದುವೆ, ಬೆನ್ನಿಗೆ ಎರಡು ಹೆರಿಗೆ, ಇಪ್ಪತ್ತೈದರ ಆಸುಪಾಸಿಗೆ ‘ಆಪರೇಷನ್’. ನಮ್ಮ ಕಡೆ ಹೆಣ್ಣಿನ ಗರ್ಭನಿರೋಧದ ಚರಿತ್ರೆ ಇಷ್ಟಕ್ಕೇ ಮುಗಿಯುತ್ತದೆ.

ಆಪರೇಷನ್ ಗರ್ಭವನ್ನು ತಡೆಯುತ್ತದೆ, ಸೋಂಕನ್ನು ತಡೆಯುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಆದರೆ ಯಾರೂ ಹೇಳುವುದಿಲ್ಲ. ಮಕ್ಕಳಾಗುವ ಭಯ ಹೋದ ದಿನವೇ ಆ ಮನೆಯಲ್ಲಿ ನಿರೋಧ್‌ನ ಮಾತೂ ಹೋಗುತ್ತದೆ. ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷ, ಮುಟ್ಟು ನಿಲ್ಲುವವರೆಗೆ, ಅವಳಿಗೆ ಯಾವ ತಡೆಯೂ ಇಲ್ಲ. ಗಂಡ ಲಾರಿಯ ಮೇಲೆ ಹೋಗಲಿ, ಗೋವಾಕ್ಕೆ ದುಡಿಯಲು ಹೋಗಲಿ, ಮನೆಯಲ್ಲೇ ಇರಲಿ. ಆಶಾ ಕಾರ್ಯಕರ್ತೆ ಕೂಡ ಆ ಮನೆಯನ್ನು ತನ್ನ ಪಟ್ಟಿಯಿಂದ ಬಿಡುತ್ತಾಳೆ, ‘ಅವರದು ಆಗೇತ್ರಿ’. ಹೀಗೆ ಸರ್ಕಾರವೇ ಕೊಟ್ಟ ವಿಧಾನ ಒಪ್ಪಿಕೊಂಡವಳನ್ನು ಕೆಲವು ವರ್ಷದ ಮೇಲೆ ಹಿಡಿದು ‘ಅಸುರಕ್ಷಿತ ಸಂಭೋಗ’ದ ಕಂಬಸಾಲಿಗೆ ಸೇರಿಸುತ್ತಾರೆ.

ಹೀಗೇ ಇರಬೇಕಾಗಿರಲಿಲ್ಲ. ಸಂತಾನ ನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯವನ್ನು ಜಗತ್ತಿನಲ್ಲೇ ಮೊದಲು ತೆರೆದದ್ದು ಮೈಸೂರು ಸಂಸ್ಥಾನ, 1930ರಲ್ಲಿ. ಆಗ ಹುಬ್ಬಳ್ಳಿ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದ ರಾಜಧಾನಿಯಲ್ಲಿ ರಘುನಾಥ ಧೋಂಡೋ ಕರ್ವೆ 1921ರಲ್ಲೇ, ಸರ್ಕಾರದ ನೆರವಿಲ್ಲದೆ, ಬೈಗುಳ ತಿನ್ನುತ್ತ ಚಿಕಿತ್ಸಾಲಯ ನಡೆಸಿದ್ದರು. ಎರಡೂ ಕಡೆಯ ಪರಂಪರೆ ನಮ್ಮದೇ. 1968ರಲ್ಲಿ ನಿರೋಧ್ ಬಂತು, ಐದು ಪೈಸೆಗೆ ಒಂದರಂತೆ, ಬೀಡಿ ಅಂಗಡಿಯಲ್ಲೂ ಸಿಗುವಂತೆ. ಅರವತ್ತು ಎಪ್ಪತ್ತರ ದಶಕಗಳಲ್ಲಿ ಗಂಡಸರ ಶಸ್ತ್ರಚಿಕಿತ್ಸೆಯೇ ಈ ದೇಶದ ಮುಖ್ಯ ವಿಧಾನವಾಗಿತ್ತು ಎಂದರೆ ಇವತ್ತಿನ ಹುಡುಗರು ನಂಬಲಿಕ್ಕಿಲ್ಲ. ಆಮೇಲೆ ತುರ್ತುಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಸಂತಾನಹರಣ, ಅದರಲ್ಲಿ ಮುಕ್ಕಾಲು ಪಾಲು ಗಂಡಸರಿಗೆ, ಎಷ್ಟೋ ಕಡೆ ಬಲವಂತದಿಂದ. ಗಂಡಸರು ಸಿಡಿದೆದ್ದರು, ಸರ್ಕಾರ ಬಿತ್ತು. ರಾಜಕಾರಣಿಗಳು ಕಲಿತ ಪಾಠ ಬಲವಂತ ತಪ್ಪು ಎಂಬುದಲ್ಲ, ಗಂಡಸರ ಮೇಲೆ ಬಲವಂತ ತಪ್ಪು ಎಂಬುದು. ಗುರಿಗಳೆಲ್ಲ ಹೆಂಗಸರ ಹೊಟ್ಟೆಯ ಮೇಲೆ ಬಂದವು. 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರದ ಬಳಿ ಒಂದೇ ಶಿಬಿರದಲ್ಲಿ ಕೆಲವೇ ತಾಸುಗಳಲ್ಲಿ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿ ಹದಿಮೂರು ಜೀವ ಹೋದಾಗಲೂ ಯಾವ ಸರ್ಕಾರವೂ ಬೀಳಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಹೇಳಬೇಕಾಯಿತು.

ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ಗಂಡಸರ ಮನಸ್ಸನ್ನೂ ಕೆದಕಿದೆ. ಗರ್ಭನಿರೋಧ ಹೆಂಗಸರ ಕೆಲಸ, ಗಂಡಸು ತಲೆ ಹಾಕಬೇಕಿಲ್ಲ ಎಂದವರು ದೇಶದಲ್ಲಿ ನೂರಕ್ಕೆ 35. ಗರ್ಭನಿರೋಧಕ ಬಳಸುವ ಹೆಂಗಸು ದಾರಿ ತಪ್ಪಬಹುದು ಎಂದವರು ನೂರಕ್ಕೆ ಇಪ್ಪತ್ತರ ಸಮೀಪ. ಎರಡನ್ನೂ ಜೊತೆಗಿಟ್ಟು ನೋಡಿ: ಕೆಲಸ ಅವಳದು, ಮಾಡಿದರೆ ಅನುಮಾನವೂ ಅವಳ ಮೇಲೆ. ನಿರೋಧ್ ತರಲು ಹೇಳಿದರೆ ‘ನಿನಗ ಇದೆಲ್ಲಾ ಹೆಂಗ ಗೊತ್ತು?’

ಗರ್ಭಕೋಶದೊಳಗೆ ಹಾಕುವ ವಂಕಿಯ ಕತೆಯೂ ಅಷ್ಟೆ. ಬಿಳುಪು ಕಂಡೊಡನೆ ಕಾಪರ್-ಟಿಯ ಮೇಲೆ ಗೂಬೆ ಕೂರಿಸಿ ತೆಗೆಸಿ ಬಿಡುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗಗಳ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ವಂಕಿಗಳ ಲೆಕ್ಕವನ್ನು 1992ರಲ್ಲೇ ಒಟ್ಟು ಹಾಕಿ ನೋಡಿದಾಗ ಕಂಡದ್ದು: ಹೊಟ್ಟೆಯೊಳಗಿನ ಸೋಂಕಿನ ಅಪಾಯ ಹೆಚ್ಚಿರುವುದು ವಂಕಿ ಹಾಕಿದ ಮೊದಲ ಇಪ್ಪತ್ತು ದಿನ ಮಾತ್ರ. ಆಮೇಲೆ ವರ್ಷಗಟ್ಟಲೆ ಅದು ತೀರ ಕಡಿಮೆ. ಅಂದರೆ ತಪ್ಪು ವಂಕಿಯದಲ್ಲ. ಹಾಕುವ ಮುನ್ನ ಸೋಂಕಿದೆಯೇ ಎಂದು ನೋಡದ ಕಣ್ಣಿನದು, ಹಾಕುವ ಕೈಯ ಶುಚಿಯದು. ಆ ಸ್ವಚ್ಛತೆಯ ಬಗ್ಗೆ ಶಿಬಿರದಲ್ಲಿ ಯಾರೂ ಭಾಷಣ ಮಾಡುವುದಿಲ್ಲ.

ನಮ್ಮ ಸರ್ಕಾರಿ ವ್ಯವಸ್ಥೆಗೆ ಇದೆಲ್ಲ ಗೊತ್ತಿಲ್ಲ ಎಂದಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿ ಇದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್‌ಗಳಿವೆ, ಬಣ್ಣಬಣ್ಣದ ಗುಳಿಗೆಯ ಪೊಟ್ಟಣಗಳಿವೆ. ಯೋನಿಯ ಸ್ರಾವಕ್ಕೆ ಹಸಿರು, ಗರ್ಭಕೊರಳಿನ ಸೋಂಕಿಗೆ ಬೂದು, ಕಿಬ್ಬೊಟ್ಟೆ ನೋವಿಗೆ ಹಳದಿ. ಉಪಕರಣ ಹಾಕಿ ಒಳಗೆ ನೋಡಿ ಆಮೇಲೆ ಪೊಟ್ಟಣ ಆರಿಸಿ ಎಂದಿದೆ, ಗರ್ಭಕೊರಳಿನ ಸೋಂಕಿದ್ದರೆ ಸಂಗಾತಿಗೂ ಕೊಡಿ ಎಂದಿದೆ. ಕಾಗದದ ಮೇಲೆ ಗಂಡ ಇದ್ದಾನೆ. ಕೋಣೆಯೊಳಗೆ ಇಲ್ಲ. ಸಂಜೆಯೊಳಗೆ ನೂರು ಚೀಟಿ ಮುಗಿಸಬೇಕಾದ ವೈದ್ಯೆ ಪರದೆ ಎಳೆದು ಪರೀಕ್ಷಿಸುವ ಬದಲು ಗುಳಿಗೆ ಬರೆಯುತ್ತಾಳೆ. ಅವಳನ್ನು ನಾನು ಬೈಯಲಾರೆ, ಅವಳಿಗೆ ಕೊಟ್ಟ ಸಮಯವನ್ನು ಬೈಯುತ್ತೇನೆ. ಪರೀಕ್ಷೆ ಇಲ್ಲದ ಗುಳಿಗೆಯಿಂದ ಬೂಷ್ಟಿನ ತುರಿಕೆಗೆ ಬ್ಯಾಕ್ಟೀರಿಯಾದ ಔಷಧ ಹೋಗುತ್ತದೆ, ಯಾವ ಲಕ್ಷಣವೂ ತೋರದೆ ಒಳಗೇ ನಾಳ ಸುಡುತ್ತಿರುವ ಕ್ಲಮೀಡಿಯಾ ಹಾಗೇ ಉಳಿಯುತ್ತದೆ. ಕೆಲವು ವರ್ಷದ ಮೇಲೆ ‘ಬಂಜೆ’ ಎನಿಸಿಕೊಳ್ಳುವವಳೂ ಅವಳೇ.

ಗಂಡನ ಪಾಲಿನ ಪೊಟ್ಟಣವನ್ನು ಹೆಂಡತಿಯ ಕೈಯಲ್ಲೇ ಕಟ್ಟಿ ಕಳಿಸುವುದು ಇನ್ನೊಂದು ರೂಢಿ. ‘ಮನಿಯವ್ರಿಗೂ ಕೊಡ್ರಿ’ ಎಂದರಾಯಿತು. ಆ ಪೊಟ್ಟಣ ಹಿಡಿದು ಮನೆಗೆ ಹೋಗುವವಳ ಎದೆಬಡಿತ ಯಾರೂ ಎಣಿಸುವುದಿಲ್ಲ. ‘ನನಗ್ಯಾಕ ಗುಳಿಗಿ? ರೋಗ ನಿಂದು’ ಎಂಬುದು ಒಳ್ಳೆಯ ಉತ್ತರ. ಕೆಟ್ಟ ಉತ್ತರ ಕೈಯಿಂದ ಬರುತ್ತದೆ. ಗುಳಿಗೆ ನುಂಗಿದರೆ ಎರಡು ದಿನ ಕುಡಿಯಬಾರದು ಎಂಬ ಒಂದೇ ಕಾರಣಕ್ಕೆ ಪೊಟ್ಟಣ ಅಲಮಾರಿಯ ಮೇಲೆ ಧೂಳು ತಿನ್ನುವ ಮನೆಗಳೂ ಉಂಟು. ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಐದನೇ ಸಮೀಕ್ಷೆಯಲ್ಲಿ ಹೇಳಿದ ಹೆಂಗಸರು ನೂರಕ್ಕೆ 44.4. ಹಿಂದಿನ ಸಮೀಕ್ಷೆಯಲ್ಲಿ ಅದು 20.6 ಇತ್ತು. ಐದನೆಯದರಲ್ಲಿ ಇಡೀ ದೇಶದಲ್ಲಿ ನಮ್ಮದೇ ಮೊದಲ ಸ್ಥಾನ. ‘ಗಂಡನಿಗೆ ಕಾಂಡೋಮ್ ಬಳಸಲು ತಿಳಿಹೇಳಿ’ ಎಂದು ಸಮಾಲೋಚಕರು ಸಲಹೆ ಕೊಡುವುದು ಈ 44.4ರ ಒಳಗಿನ ಹೆಂಗಸಿಗೆ.

ಇದಕ್ಕೆ ಎದುರು ಪಕ್ಷದವರ ಬಳಿ ಒಂದು ಗಟ್ಟಿ ವಾದವಿದೆ, ಅದನ್ನು ಹಾರಿಸಿ ಹೋಗಬಾರದು. ಅವರು ಹೇಳುತ್ತಾರೆ: ನಡವಳಿಕೆ ಬದಲಾಗದೆ ರೋಗ ಹೋಗುವುದಿಲ್ಲ, ನಡವಳಿಕೆ ಅಳೆಯುವುದನ್ನೇ ತಪ್ಪೆಂದರೆ ಸಾರ್ವಜನಿಕ ಆರೋಗ್ಯ ಕೈಕಟ್ಟಿ ಕೂರಬೇಕಾಗುತ್ತದೆ. ಎಚ್‌ಐವಿ ಇಳಿದದ್ದು ನಡವಳಿಕೆ ಬದಲಾದದ್ದರಿಂದಲೇ ಅಲ್ಲವೇ? ನಿಜ. ಆದರೆ ಎಲ್ಲಿ ಬದಲಾಯಿತು, ಹೇಗೆ ಬದಲಾಯಿತು ನೋಡಿ. 2003ರ ಬಳಿಕ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಕಾರ್ಯಕ್ರಮ ಕರ್ನಾಟಕದ ಜಿಲ್ಲೆಗಳಲ್ಲಿ ಲೈಂಗಿಕ ವೃತ್ತಿಯ ಹೆಂಗಸರ ನಡುವೆ ಕೆಲಸ ಮಾಡಿತು. ಅದು ಅವರಿಗೆ ಶೀಲದ ಪಾಠ ಹೇಳಲಿಲ್ಲ. ಅವರೇ ಸಂಘ ಕಟ್ಟಿಕೊಂಡರು. ಮೈಸೂರಿನ ಆಶೋದಯ ಸಮಿತಿಯಂಥವು ಹುಟ್ಟಿದ್ದು ಹಾಗೆ. ಪೊಲೀಸರ ಕಾಟಕ್ಕೆ, ರೌಡಿಗಳ ಹೊಡೆತಕ್ಕೆ ಗುಂಪಾಗಿ ಎದುರು ನಿಂತರು. ‘ಕಾಂಡೋಮ್ ಇಲ್ಲದೆ ಇಲ್ಲ’ ಎನ್ನುವ ಬಲ ಅಲ್ಲಿಂದ ಬಂತು. ಗಿರಾಕಿಗಳೊಡನೆ ಅದರ ಬಳಕೆ ಏರಿತು. ಆದರೆ ಅದೇ ಹೆಂಗಸರು ತಮ್ಮ ಗಂಡನೊಡನೆ, ಬಹಳ ಕಾಲದ ಸಂಗಾತಿಯೊಡನೆ ಅಷ್ಟು ಖಡಕ್ಕಾಗಿ ಹೇಳಲಾಗುತ್ತಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ಕಂಡವು. ಒಬ್ಬಳೇ ಹೆಂಗಸು, ಒಂದೇ ತಿಳಿವಳಿಕೆ. ಗಿರಾಕಿಯ ಮುಂದೆ ಹೇಳಲು ಬರುತ್ತದೆ, ಗಂಡನ ಮುಂದೆ ಬರುವುದಿಲ್ಲ. ಕೊರತೆ ಅವಳ ನಡತೆಯಲ್ಲಿ ಇದ್ದಿದ್ದರೆ ಎರಡೂ ಕಡೆ ಒಂದೇ ಥರ ಇರಬೇಕಿತ್ತು.

ತಪ್ಪು ಹುಡುಕುವ ಈ ಪರಿಪಾಠದ ಕೊನೆ ಎಲ್ಲಿ ಮುಟ್ಟುತ್ತದೆ ಎಂದು ಕೇಳಿದರೆ ನಾನು ಕಲಬುರಗಿಯ ಕಡೆ, ರಾಣೆಬೆನ್ನೂರಿನ ಕಡೆ ಕೈ ತೋರಿಸುತ್ತೇನೆ. 2015ರಲ್ಲಿ ಕಲಬುರಗಿ ಜಿಲ್ಲೆಯ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಚೀಲ ಅನಗತ್ಯವಾಗಿ ಹೋಗಿದೆ ಎಂಬ ದೂರು ಹೊರಬಂತು. ಹೆಚ್ಚಿನವರು ಲಂಬಾಣಿ, ದಲಿತ ಹೆಣ್ಣುಮಕ್ಕಳು, ಎಷ್ಟೋ ಮಂದಿ ನಲವತ್ತು ದಾಟದವರು. ಅವರು ಆಸ್ಪತ್ರೆಗೆ ಹೋದದ್ದು ಸೊಂಟನೋವು, ಬಿಳುಪು, ಮುಟ್ಟಿನ ಏರುಪೇರಿಗೆ. ಒಳಗೆ ಕೇಳಿದ ಮಾತು: ‘ಕ್ಯಾನ್ಸರ್ ಆಗ್ತದ, ಚೀಲ ತೆಗಿಸಿಬಿಡು.’ ಕರ್ನಾಟಕ ಜನಾರೋಗ್ಯ ಚಳವಳಿ ಬೆನ್ನು ಹತ್ತಿತು, ತನಿಖೆಯಾಯಿತು, ನಾಲ್ಕು ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದಾಯಿತು. ಆಮೇಲೆ ನಮ್ಮ ಪಕ್ಕದಲ್ಲೇ, ಹಿಂದೆ ಧಾರವಾಡ ಜಿಲ್ಲೆಯೇ ಆಗಿದ್ದ ಹಾವೇರಿಯ ರಾಣೆಬೆನ್ನೂರಿನಲ್ಲಿ, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ, ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಗರ್ಭಚೀಲ ತೆಗೆದ ಆರೋಪ ಬಂತು. ತಾಂಡಾಗಳ ಹೆಂಗಸರು ಪರಿಹಾರಕ್ಕಾಗಿ ಬೀದಿಗಿಳಿದು ನಡೆದರು.

ಬಿಳುಪಿನಿಂದ ಕ್ಯಾನ್ಸರ್ ಬರುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಎಂಬ ವೈರಾಣು, ಅದಕ್ಕೆ ಲಸಿಕೆ ಇದೆ, ಮುಂಚೆಯೇ ಹಿಡಿಯಲು ಪರೀಕ್ಷೆ ಇದೆ. ಐದನೇ ಸಮೀಕ್ಷೆಯ ಹೊತ್ತಿಗೆ ಆ ಪರೀಕ್ಷೆ ಒಮ್ಮೆಯಾದರೂ ಮಾಡಿಸಿಕೊಂಡವರು ಮೂವತ್ತರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ದೇಶಕ್ಕೇ ನೂರಕ್ಕೆ ಇಬ್ಬರಿರಲಿಲ್ಲ. ಪರೀಕ್ಷೆಗೆ ಕರೆಯದವರು ಕ್ಯಾನ್ಸರಿನ ಹೆಸರಲ್ಲಿ ಚೀಲ ತೆಗೆಯಲು ಕರೆಯುತ್ತಾರೆ. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಡಾ. ನರೇಂದ್ರ ಗುಪ್ತಾ ಅವರ ಅರ್ಜಿಯ ಮೇಲೆ, ಅನಗತ್ಯ ಗರ್ಭಕೋಶ ತೆಗೆಯುವಿಕೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದಿತು. ತೀರ್ಪು ಬರುವ ಹೊತ್ತಿಗೆ ಕಲಬುರಗಿಯ ಆ ಹೆಂಗಸರ ಗರ್ಭಚೀಲ ಹೋಗಿ ಎಷ್ಟೋ ವರ್ಷವಾಗಿತ್ತು.

ರೋಗ ಹೆಂಗಸಿನ ಒಳಗೇ ಇದೆ ಎಂದು ನಂಬಿದ ವೈದ್ಯಕೀಯಕ್ಕೆ ಆ ಒಳಗನ್ನೇ ಕಿತ್ತುಹಾಕುವುದು ಸಹಜವಾದ ಮುಂದಿನ ಹೆಜ್ಜೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯ ದಂಪತಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ, ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿದೆ, ಮುನ್ನ ಪರೀಕ್ಷೆಯಾದವರು ನೂರಕ್ಕೆ 8 ಮಂದಿ ಮಾತ್ರ ಎಂದು 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಾಗ ಜಗತ್ತು ಬೆಚ್ಚಿತ್ತು. ಅವರು ಕೇಳಿದ್ದು ಪರೀಕ್ಷೆ ಮತ್ತು ಚಿಕಿತ್ಸೆಯನ್ನು. ನಾವು ಕೊಟ್ಟದ್ದು ಉಪದೇಶ, ಆಪರೇಷನ್, ಕೊನೆಗೆ ಇನ್ನೊಂದು ಆಪರೇಷನ್.

‘ಗಂಡಸರು ಬರಂಗಿಲ್ಲರೀ, ಏನ್ ಮಾಡೂದು?’ ಎಂದು ಕೈ ಚೆಲ್ಲುವವರಿಗೆ ಒಂದು ವಿಷಯ ನೆನಪಿಸಬೇಕು. ಹೆಂಡತಿಯ ಸಂತಾನಹರಣಕ್ಕೆ ಗಂಡನ ಸಹಿ ಬೇಕಿಲ್ಲ, ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹಾಗೆ ಹೇಳುತ್ತದೆ. ಆದರೂ ಎಷ್ಟೋ ದವಾಖಾನೆಗಳು ಅವನನ್ನು ಒಳಗೆ ಕರೆದು ಸಹಿ ಹಾಕಿಸಿಕೊಳ್ಳುತ್ತವೆ, ಅವನು ಬರುತ್ತಾನೆ. ಬೇಡದ ಸಹಿಗೆ ಬರುವವನು ಬೇಕಾದ ಗುಳಿಗೆಗೂ ಬರುತ್ತಾನೆ. ಕರೆಯುವವರು ಬೇಕು. ಹೆರಿಗೆಗೆ ಮುಂಚಿನ ಪರೀಕ್ಷೆಯಲ್ಲಿ ಹೆಂಗಸಿನ ರಕ್ತವನ್ನು ಎಚ್‌ಐವಿಗೆ, ಸಿಫಿಲಿಸ್‌ಗೆ ನೋಡುತ್ತಾರಲ್ಲ, ಅವತ್ತೇ ಅವನ ತೋಳಿನಿಂದಲೂ ಎರಡು ಹನಿ ತೆಗೆಯುವುದಕ್ಕೆ ಹೊಸ ಆಸ್ಪತ್ರೆ ಕಟ್ಟಬೇಕಿಲ್ಲ.

ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಪುರುಷರ ಸಂತಾನಹರಣದ ಪಾಕ್ಷಿಕ ನಡೆಯುತ್ತದೆ. ಹೊಲಿಗೆಯಿಲ್ಲದ, ಗಾಯ ಕಾಣದ, ಕೆಲವೇ ನಿಮಿಷದ ಶಸ್ತ್ರಚಿಕಿತ್ಸೆ, ಹೆಂಗಸರ ಆಪರೇಷನ್‌ಗಿಂತ ಎಷ್ಟೋ ಹಗುರ, ಅದೇ ದಿನ ಮನೆ. ಅದನ್ನು ಪ್ರಚಾರ ಮಾಡುವವರು ಆಶಾ ಕಾರ್ಯಕರ್ತೆಯರು, ಅಂದರೆ ಹೆಂಗಸರು. ಅವರು ಹೇಳುವುದು ಮನೆಯಲ್ಲಿ ಸಿಗುವ ಹೆಂಡತಿಯರಿಗೆ, ‘ನಿಮ್ಮವ್ರಿಗೆ ಹೇಳ್ರಿ’ ಎಂದು. ಫಲಿತಾಂಶ 0.0. ಅದರ ಬದಲು ಈ ಕೆಲಸ ಗಂಡು ಆರೋಗ್ಯ ಕಾರ್ಯಕರ್ತರ ಪಾಲಿಗೆ ಬರಲಿ: ರೈಲ್ವೆ ವರ್ಕ್‌ಶಾಪಿನ ಗೇಟಿಗೆ, ಅಮರಗೋಳದ ಎಪಿಎಂಸಿಗೆ, ಗೋಕುಲ ರಸ್ತೆಯ ಕಾರ್ಖಾನೆಗಳಿಗೆ ಹೋಗಿ ಗಂಡಸರ ಮುಂದೆ ನಿಂತು ಹೇಳಲಿ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನು ಮುಂದಿನ ಮೂರು ತಿಂಗಳು ನಿರೋಧ್ ಬಳಸಲೇಬೇಕು, ಅಷ್ಟು ದಿನ ಹಳೆಯ ವೀರ್ಯಾಣು ಉಳಿದಿರುತ್ತದೆ. ಆ ಮೂರು ತಿಂಗಳಿಗೆ ಬೇಕಾಗುವ ಪೊಟ್ಟಣಗಳನ್ನು ಎಣಿಸಿ ಅವನ ಕೈಗೇ ಕೊಡಲಿ, ಮುಗಿದರೆ ಎಲ್ಲಿ ಸಿಗುತ್ತದೆ ಎಂದು ಅವನಿಗೇ ಹೇಳಲಿ.